ಮಗನ ಚಂಚಲತೆ ಯಾರ ಕಡೆಯಿಂದ ಬಂತು?

ಪ್ರಶ್ನೆ: ಮಗನಿಗೆ ಎಂಟು ವರ್ಷ, ಮೂರನೇ ಕ್ಲಾಸು. ಹೋಂವರ್ಕಿಗೆ ಕೂರಿಸಿದರೆ ಐದು ನಿಮಿಷಕ್ಕೇ ಎದ್ದುಬಿಡುತ್ತಾನೆ. ಈ ವರ್ಷ ಮೂರು ಟಿಫಿನ್ ಡಬ್ಬಿ ಕಳೆದಿದ್ದಾನೆ. ಡೈರಿ ತುಂಬ ಟೀಚರ್ ದೂರು. ಮಕ್ಕಳ ಮನೋವೈದ್ಯರು ಎಡಿಎಚ್‌ಡಿ (ಗಮನ ನಿಲ್ಲದ, ಅತಿ ಚಂಚಲತೆಯ ತೊಂದರೆ) ಎಂದರು, ಮಾತ್ರೆಯ ಮಾತೂ ಎತ್ತಿದರು. 'ಇದು ವಂಶದಲ್ಲಿ ಬರುತ್ತದೆ' ಎಂದು ಅವರು ಹೇಳಿದ್ದೇ ತಡ, ಅತ್ತೆ 'ನಮ್ಮ ಕಡೆ ಯಾರಿಗೂ ಇಲ್ಲ, ಥೇಟ್ ನಿನ್ನ ತಮ್ಮನೇ' ಎಂದು ಶುರು ಮಾಡಿದರು. ಗಂಡ, 'ನಾನೂ ಹೀಗೇ ಇದ್ದೆ, ಈಗೇನಾಗಿದೆ? ಮಾತ್ರೆ ಗೀತ್ರೆ ಬೇಡ' ಎನ್ನುತ್ತಾರೆ. ಎರಡು ಗಂಟೆ ಬ್ಲಾಕ್ಸ್ ಜೋಡಿಸೋಕೆ ಆಗುವವನಿಗೆ ಹತ್ತು ಲೆಕ್ಕ ಮಾಡೋಕೆ ಆಗಲ್ಲ ಅಂದರೆ ಸೋಮಾರಿತನ ಅಲ್ವಾ? ಸಿಟ್ಟಿಗೆ ಎರಡು ಸಲ ಹೊಡೆದೂ ಇದ್ದೇನೆ. ತಪ್ಪು ನನ್ನದಾ?
– ಹೆಸರು ಬೇಡ, ದಾವಣಗೆರೆ

ಪ್ರಿಯ ಸೋದರಿ,

ನಿಮ್ಮ ಪತ್ರ ಓದುತ್ತಾ ಒಂದು ಕಡೆ ನಗು ಬಂತು, ಕ್ಷಮಿಸಿ. 'ನಮ್ಮ ಕಡೆ ಯಾರಿಗೂ ಇಲ್ಲ' ಅಂತ ಅತ್ತೆ. 'ನಾನೂ ಹೀಗೇ ಇದ್ದೆ' ಅಂತ ಅವರ ಮಗ. ಇಬ್ಬರೂ ಒಂದೇ ಮನೆಯವರು!

ತಪ್ಪು ನಿಮ್ಮದಲ್ಲ. ಬೆಳೆಸಿದ ರೀತಿಯಿಂದ ಎಡಿಎಚ್‌ಡಿ ಬರುವುದಿಲ್ಲ, ಸಕ್ಕರೆ ತಿಂದರೂ ಬರುವುದಿಲ್ಲ. ಅವಳಿ ಮಕ್ಕಳ ಅಧ್ಯಯನಗಳನ್ನೆಲ್ಲ ಸೇರಿಸಿ ನೋಡಿದಾಗ, ಮಕ್ಕಳ ನಡುವೆ ಇದರಲ್ಲಿ ಕಾಣುವ ವ್ಯತ್ಯಾಸದ ಸುಮಾರು 74 ಶೇಕಡಾ ವಂಶವಾಹಿಗಳಿಂದ ಎಂದು ಗೊತ್ತಾಗಿದೆ. ಹಾಗಂತ ನಿಮ್ಮ ಮಗನ ಮುಕ್ಕಾಲು ಪಾಲು ಯಾರದೋ ರಕ್ತ ಎಂದು ಅರ್ಥವಲ್ಲ. ಎತ್ತರವೂ ಹೆಚ್ಚುಕಮ್ಮಿ ಇಷ್ಟೇ ವಂಶದ್ದು. ಮಗು ಕುಳ್ಳಗಿದ್ದರೆ ಯಾರೂ ಸೊಸೆಯನ್ನು ಪಂಚಾಯಿತಿಗೆ ಕೂರಿಸುವುದಿಲ್ಲ, ಅಲ್ವಾ?

ಇನ್ನು 'ಯಾರ ಕಡೆಯಿಂದ' ಅನ್ನುವುದು. ಎಡಿಎಚ್‌ಡಿಗೆಂದೇ ಒಂದು ಜೀನ್ ಇಲ್ಲ. 2023ರ ಒಂದು ದೊಡ್ಡ ಅಧ್ಯಯನಕ್ಕೆ ನಮ್ಮ ಜೀನೋಮಿನಲ್ಲಿ, ಅಂದರೆ ವಂಶವಾಹಿಗಳ ಇಡೀ ಗಂಟಿನಲ್ಲಿ, ಇದಕ್ಕೆ ಸಂಬಂಧಿಸಿದ 27 ಜಾಗಗಳು ಸಿಕ್ಕವು. ಒಂದೊಂದರ ಪ್ರಭಾವವೂ ತೀರಾ ಸಣ್ಣದು. ಸಿಗದೆ ಉಳಿದವು ಇನ್ನೂ ಎಷ್ಟೋ. ಅಂದರೆ ಚಿಲ್ಲರೆ ಚಿಲ್ಲರೆಯಾಗಿ ಎರಡೂ ಮನೆಯಿಂದ ಬಂದು ಸೇರುವ ದುಡ್ಡಿದು. ನಿಮ್ಮ ತಮ್ಮನದೂ ಇರಬಹುದು, ನಿಮ್ಮ ಯಜಮಾನರದೂ ಇರಬಹುದು. ಅವಧಿಗೆ ಮುಂಚೆ ಹುಟ್ಟುವುದು, ಹುಟ್ಟುವಾಗ ತೂಕ ಕಡಿಮೆ ಇರುವುದು, ಇವೂ ಸಾಧ್ಯತೆ ಹೆಚ್ಚಿಸುತ್ತವೆ.

ಬ್ಲಾಕ್ಸ್ ವಿಷಯಕ್ಕೆ ಬರ್ತೀನಿ. ನೀವು ಕೇಳಿದ್ದರಲ್ಲಿ ಒಳ್ಳೆಯ ಪ್ರಶ್ನೆ ಇದೇ. ನಿಮ್ಮ ಮಗನಿಗೆ ಗಮನ ಇಲ್ಲ ಎಂದಲ್ಲ, ಅದನ್ನು ಬೇಕಾದ ಕಡೆ ತಿರುಗಿಸುವುದು ಕಷ್ಟ. ಹಣೆಯ ಹಿಂದಿನ ಮಿದುಳಿನ ಭಾಗ ಆ ಕೆಲಸ ಮಾಡುತ್ತದೆ. ಅದಕ್ಕೆ ಡೋಪಮೈನ್, ನಾರ್‌ಅಡ್ರಿನಲಿನ್ ಎಂಬ ರಾಸಾಯನಿಕಗಳು ಬೇಕು. 'ಇದು ಮಾಡೋಕೆ ಲಾಯಕ್ಕು, ಬಿಡಬೇಡ' ಎಂದು ಒಳಗಿನಿಂದ ತಳ್ಳುವುದರಲ್ಲಿ ಡೋಪಮೈನ್ ಪಾಲು ದೊಡ್ಡದು. ಬ್ಲಾಕ್ಸ್‌ನಲ್ಲಿ ಪ್ರತಿ ತುಂಡು ಟಕ್ ಎಂದು ಕೂತಾಗಲೂ ಆ ಖುಷಿ ಅಲ್ಲೇ, ಆಗಲೇ ಸಿಗುತ್ತದೆ. 47ಕ್ಕೆ 36 ಕೂಡಿಸಿದರೆ ಏನು ಸಿಗುತ್ತದೆ? ನಾಳೆ ಬೆಳಿಗ್ಗೆ ಟೀಚರ್ ಹಾಕುವ ಒಂದು ರೈಟ್ ಮಾರ್ಕು. ಅಷ್ಟು ದೂರದ ಖುಷಿಗೆ ಅವನ ಮಿದುಳು ಏಳುವುದೇ ಇಲ್ಲ. ಇದು ಸೋಮಾರಿತನ ಅಲ್ಲ.

ಅಮೆರಿಕದಲ್ಲಿ 2007ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಮಕ್ಕಳ ಮಿದುಳಿನ ಸ್ಕ್ಯಾನ್‌ಗಳನ್ನು ವರ್ಷಗಟ್ಟಲೆ ಹೋಲಿಸಿ ನೋಡಿದರು. ಮಿದುಳಿನ ಹೊರಪದರ ಗರಿಷ್ಠ ದಪ್ಪಕ್ಕೆ ಬರುವ ವಯಸ್ಸು ಬೇರೆ ಮಕ್ಕಳಲ್ಲಿ ಸರಾಸರಿ ಏಳೂವರೆ, ಎಡಿಎಚ್‌ಡಿ ಇರುವವರಲ್ಲಿ ಹತ್ತೂವರೆ. ಆದ್ದರಿಂದ ಪಕ್ಕದ ಮನೆಯ ಮೂರನೇ ಕ್ಲಾಸಿನವನ ಜೊತೆ ಇವನನ್ನು ಹೋಲಿಸೋದು ಬಿಡಿ.

ಮಾತ್ರೆ ಕೊಡಬೇಕೋ ಬೇಡವೋ, ಅಂಕಣದಲ್ಲಿ ಕೂತು ನಾನು ಹೇಳಲಾರೆ. ಅದು ಹೇಗೆ ಕೆಲಸ ಮಾಡುತ್ತದೆ ಎಂದಷ್ಟೇ ಹೇಳ್ತೀನಿ. ನರಕೋಶ ಬಿಟ್ಟ ಡೋಪಮೈನನ್ನು ಅದೇ ಕೋಶ ಬೇಗ ಒಳಗೆ ಎಳೆದುಕೊಳ್ಳುತ್ತದೆ. ಎಡಿಎಚ್‌ಡಿಗೆ ಸಾಮಾನ್ಯವಾಗಿ ಕೊಡುವ ಮೀಥೈಲ್‌ಫೆನಿಡೇಟ್ ಎಂಬ ಔಷಧಿ ಆ ಬಾಗಿಲಿಗೆ ಅಡ್ಡ ನಿಲ್ಲುತ್ತದೆ. ಸಾಮಾನ್ಯ ಮಾತ್ರೆಯ ಪ್ರಭಾವ ಮೂರ್ನಾಲ್ಕು ಗಂಟೆ, ಆಮೇಲೆ ಇಳಿಯುತ್ತದೆ. ಹಸಿವು, ನಿದ್ದೆ ಕಡಿಮೆಯಾಗಬಹುದು. ಅದಕ್ಕೇ ಡಾಕ್ಟರು ತೂಕ, ಎತ್ತರ, ಬಿಪಿ ನೋಡುತ್ತಲೇ ಇರುತ್ತಾರೆ. ಮನಸ್ಸಿಗೆ ಸಮಾಧಾನ ಇಲ್ಲದಿದ್ದರೆ ಧಾರವಾಡದ ಡಿಮ್ಹಾನ್ಸ್ ಅಥವಾ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇನ್ನೊಂದು ಅಭಿಪ್ರಾಯ ಕೇಳಿ. ಕಣ್ಣು, ಕಿವಿ ಪರೀಕ್ಷೆ ಆಗಿಲ್ಲದಿದ್ದರೆ ಮೊದಲು ಮಾಡಿಸಿ.

ಮಾತ್ರೆ ಕೊಟ್ಟರೂ ಕೊಡದಿದ್ದರೂ ಮನೆಯ ಕೆಲಸ ಇದ್ದೇ ಇದೆ. ಹತ್ತು ಲೆಕ್ಕ ಒಟ್ಟಿಗೆ ಕೊಡಬೇಡಿ. ಮೂರು ಕೊಡಿ, ಮುಗಿದ ತಕ್ಷಣ ನೀವೇ ರೈಟ್ ಹಾಕಿ, ಅಂಗಳಕ್ಕೆ ಓಡಿಹೋಗಿ ಬರಲಿ, ಆಮೇಲೆ ಇನ್ನು ಮೂರು. 'ಬ್ಯಾಗ್ ಇಡು, ಕೈ ತೊಳಿ, ಬುಕ್ ತೆಗಿ' ಎಂದು ಒಂದೇ ಉಸಿರಿಗೆ ಹೇಳಿದರೆ ಕೊನೆಯದು ಅವನಿಗೆ ಮುಟ್ಟುವುದೇ ಇಲ್ಲ. ಒಂದೊಂದಾಗಿ ಹೇಳಿ. ಮುಂದಿನ ಬೆಂಚು ಕೊಡಿ ಎಂದು ಟೀಚರನ್ನು ಕೇಳಿ. ಹೊಡೆದದ್ದಕ್ಕೆ ಅವನ ಹತ್ತಿರ ಸಾರಿ ಹೇಳಿಬಿಡಿ. ಅಮ್ಮ ಸಾರಿ ಹೇಳಿದರೆ ಚಿಕ್ಕವಳಾಗಲ್ಲ.

ಮುಂದಿನ ಸಲ ಯಜಮಾನರನ್ನೂ ಜೊತೆಗೆ ಕರೆದುಕೊಂಡು ಹೋಗಿ. ಮಾತ್ರೆ ಬೇಡ ಎನ್ನುವ ಅವರಿಗೆ ಒಳಗೊಳಗೇ ಏನೋ ನೋವಿರಬಹುದು. ಚಿಕ್ಕಂದಿನಲ್ಲಿ ಎಷ್ಟು ಏಟು ತಿಂದಿದ್ದಾರೋ! ಹೊರಡುವ ಮುಂಚೆ, ಜಗಳದ ದನಿ ಬಿಟ್ಟು, ಅತ್ತೆಯನ್ನು ಸುಮ್ನೆ ಕೇಳಿ: 'ಅತ್ತೆ, ಇವರು ಮೂರನೇ ಕ್ಲಾಸಲ್ಲಿ ಹೇಗಿದ್ರು?' ಡಾಕ್ಟರಿಗೂ ಆ ಉತ್ತರ ಬೇಕು.