ಧ್ಯಾನ ಕೇಂದ್ರಕ್ಕೆ ದಾನ: ಎಷ್ಟು ಕೊಡಬೇಕು, ಹೇಗೆ ಕೊಡಬೇಕು?

ನೀವು ಕೇಳಿರುವುದು ಮೂರು ವಿಷಯ: ಶುಲ್ಕವಿಲ್ಲದ ಬೌದ್ಧ ಧ್ಯಾನ ಕೇಂದ್ರದ ದಾನದ ಡಬ್ಬಿಗೆ ಎಷ್ಟು ಹಾಕಬೇಕು, ಅಲ್ಲಿ ಬಂದು ತಂಗುವ ಭಿಕ್ಖುಗಳಿಗೆ ಏನು ಕೊಡಬಹುದು, ಕೈ ಬಿಗಿಯಾದಾಗ ಏನು ಮಾಡುವುದು.

ಸುತ್ತಗಳು, ಅಂದರೆ ಬುದ್ಧನ ಉಪದೇಶಗಳು, ದಾನದ ರೀತಿ ಹೇಳುತ್ತವೆ, ಮೊತ್ತ ಹೇಳುವುದಿಲ್ಲ. ಅವುಗಳ ಸಂಗ್ರಹಗಳಲ್ಲಿ ಒಂದಾದ ಅಂಗುತ್ತರ ನಿಕಾಯದಲ್ಲಿ ಸಜ್ಜನರ ದಾನಕ್ಕೆ ಐದು ಲಕ್ಷಣ ಕೊಟ್ಟಿದೆ: ಶ್ರದ್ಧೆಯಿಂದ, ಗೌರವದಿಂದ, ಸಕಾಲದಲ್ಲಿ, ಧಾರಾಳ ಮನಸ್ಸಿನಿಂದ, ತನಗೂ ಪರರಿಗೂ ಹಾನಿಯಾಗದಂತೆ ಕೊಡುವುದು. ಕೊನೆಯದನ್ನು ಜನ ಮರೆಯುತ್ತಾರೆ. ಸಾಲ ಮಾಡಿ, ಮನೆಯವರಿಗೆ ಮುಚ್ಚಿಟ್ಟು ಕೊಟ್ಟ ಹಣ ಆ ಐದನೆಯದರಲ್ಲೇ ಬಿದ್ದುಹೋಗುತ್ತದೆ.

ಲೆಕ್ಕ ಬೇಕೆಂದರೆ ಒಂದು ದಾರಿ ಇದೆ. ಬಾಡಿಗೆ, ವಿದ್ಯುತ್, ನೀರು, ಅಡುಗೆ ಎಲ್ಲ ಸೇರಿ ಕೇಂದ್ರದ ತಿಂಗಳ ಖರ್ಚೆಷ್ಟು ಎಂದು ವ್ಯವಸ್ಥಾಪಕರನ್ನೇ ಕೇಳಿ. ನಿಯಮಿತವಾಗಿ ಬರುವವರ ಸಂಖ್ಯೆಯಿಂದ ಅದನ್ನು ಭಾಗಿಸಿ. ಬಂದ ಮೊತ್ತ ಶುಲ್ಕವಲ್ಲ, ಜಾಗ ನಡೆಯಲು ಏನು ಬೇಕೆಂಬ ಅಂದಾಜು ಅಷ್ಟೇ. ಅದರ ಅರ್ಧ ಕೊಡಲು ಆದರೆ ಅರ್ಧ ಕೊಡಿ, ಆದರೆ ತಿಂಗಳು ತಿಂಗಳು ಕೊಡಿ. ವರ್ಷಕ್ಕೊಮ್ಮೆ ವೈಶಾಖ ಹುಣ್ಣಿಮೆಗೆ ಬರುವ ದೊಡ್ಡ ಮೊತ್ತಕ್ಕಿಂತ ಪ್ರತಿ ತಿಂಗಳ ಚಿಕ್ಕ ಮೊತ್ತ ಕೇಂದ್ರಕ್ಕೆ ಹೆಚ್ಚು ಆಸರೆ, ಏಕೆಂದರೆ ಬಾಡಿಗೆ ವರ್ಷಕ್ಕೊಮ್ಮೆ ಬರುವುದಿಲ್ಲ. ಹಲವು ಕಡೆ ಕೇಂದ್ರದ ಖರ್ಚಿಗೊಂದು, ಬೋಧಕರಿಗೊಂದು ಎಂದು ಎರಡು ಡಬ್ಬಿ ಇರುತ್ತವೆ. ಯಾವುದು ಯಾವುದಕ್ಕೆ ಎಂದು ತಿಳಿದು ಹಾಕಿ. ಇನ್ನು ಧ್ಯಾನ ಬೋಧಕ ಎಸ್. ಎನ್. ಗೋಯೆಂಕಾ ಅವರ ಪರಂಪರೆಯ ವಿಪಶ್ಯನಾ ಕೇಂದ್ರಗಳು ಕನಿಷ್ಠ ಒಂದು 10 ದಿನಗಳ ಶಿಬಿರ ಮುಗಿಸಿದವರಿಂದ ಮಾತ್ರ ದೇಣಿಗೆ ಪಡೆಯುತ್ತವೆ. ಅಲ್ಲಿ ಹೊಸಬರ ಹಣ ತೆಗೆದುಕೊಳ್ಳದಿದ್ದರೆ ಬೇಸರ ಪಟ್ಟುಕೊಳ್ಳಬೇಡಿ.

‘ಇಂಥದ್ದಕ್ಕೇ ಬಳಸಿ’ ಎಂದು ಷರತ್ತು ಹಾಕುವ ಮುನ್ನ ಯೋಚಿಸಿ. ವಿಗ್ರಹಕ್ಕೆ, ಸಭಾಂಗಣಕ್ಕೆ ಕೊಡಲು ಜನ ಸಿಗುತ್ತಾರೆ. ಸೋರುವ ಚಾವಣಿಗೆ, ಶೌಚಾಲಯ ತೊಳೆಯುವ ಫಿನಾಯಿಲ್‌ಗೆ ಸಿಗುವುದಿಲ್ಲ. ಒಂದು ಉದ್ದೇಶಕ್ಕೆಂದು ಬಂದದ್ದನ್ನು ಇನ್ನೊಂದಕ್ಕೆ ತಿರುಗಿಸಬಾರದೆಂದು ಭಿಕ್ಖುಣಿಯರ ವಿನಯದಲ್ಲಿ, ಅಂದರೆ ಸನ್ಯಾಸಿನಿಯರ ಶಿಸ್ತಿನ ಕಟ್ಟಳೆಯಲ್ಲಿ, ನಿಯಮಗಳೇ ಇವೆ. ಹಾಗಾಗಿ ವಿಗ್ರಹದ ನಿಧಿ ತುಂಬಿದ್ದೂ ಕರೆಂಟ್ ಬಿಲ್ ಬಾಕಿ ಉಳಿಯಬಹುದು. ನಿಮಗೆ ಮೆಚ್ಚಿನ ಒಬ್ಬ ಭಿಕ್ಖುವಿಗೇ ಕೊಡುವ ಆಸೆಗೂ ಇದೇ ಮಾತು. ಬುದ್ಧನ ಸಾಕುತಾಯಿ ಮಹಾಪಜಾಪತಿ ಗೋತಮಿ ತಾನೇ ನೂತು ನೇಯ್ದ ಬಟ್ಟೆ ತಂದಾಗ ಬುದ್ಧ ಅದನ್ನು ಸಂಘಕ್ಕೆ, ಅಂದರೆ ಸನ್ಯಾಸಿ ಸಮುದಾಯಕ್ಕೆ, ಕೊಡುವಂತೆ ಹೇಳಿದ ಪ್ರಸಂಗ ಮಜ್ಝಿಮ ನಿಕಾಯದಲ್ಲಿದೆ.

ಭಿಕ್ಖುಗಳಿಗೆ ಕೊಡಬಹುದಾದದ್ದು ನಾಲ್ಕು: ಚೀವರ (ಸನ್ಯಾಸಿಯ ಉಡುಪು), ಆಹಾರ, ವಸತಿ, ಔಷಧ. ತಪ್ಪುಗಳಾಗುವುದು ಹೆಚ್ಚಾಗಿ ಆಹಾರದಲ್ಲಿ. ಮುಂದಿನದೆಲ್ಲ ಶ್ರೀಲಂಕಾ, ಥಾಯ್ಲೆಂಡ್ ಕಡೆಯ ಥೇರವಾದ ಪರಂಪರೆಯ ವಿನಯಕ್ಕೆ ಸೇರಿದ್ದು. ಝೆನ್ ಮಠಗಳಲ್ಲಿ ಸಂಜೆಯ ಊಟವೂ ಇರುತ್ತದೆ, ಸನ್ಯಾಸಿಗಳೇ ಅಡುಗೆಯನ್ನೂ ಮಾಡುತ್ತಾರೆ. ಯಾವ ಪರಂಪರೆಯವರು ಬರುತ್ತಾರೆಂದು ಮೊದಲು ವಿಚಾರಿಸಿ.

ಊಟ ಮುಗಿಯಬೇಕಾದದ್ದು ನಡುಹಗಲಿನೊಳಗೆ. ಅದು ಸೂರ್ಯ ನೆತ್ತಿಗೆ ಬರುವ ಹೊತ್ತು, ಗಡಿಯಾರದ 12 ಗಂಟೆಯೇ ಆಗಿರಬೇಕೆಂದಿಲ್ಲ. ಒಂದು ಗಂಟೆ ಮುಂಚಿತವಾಗಿಯೇ ಅಡುಗೆ ತಲುಪಿಸಿ. ಟೇಬಲ್ ಮೇಲೆ ಇಟ್ಟು ಹೋದರೆ ಕೊಟ್ಟಂತೆ ಆಗುವುದಿಲ್ಲ, ಕೈಯಾರೆ ಅರ್ಪಿಸಬೇಕು. ಎರಡೂವರೆ ಮೊಳದೊಳಗೆ ನಿಂತು, ಪಾತ್ರೆಯನ್ನು ಎತ್ತಿ, ಅವರ ಕೈಗೋ ಭಿಕ್ಷಾಪಾತ್ರೆಗೋ ಅವರು ಹಿಡಿದ ಬಟ್ಟೆಯ ಮೇಲೋ ಇಡಿ. ಮೊಳೆಯಬಲ್ಲ ಬೀಜವಿರುವ ಹಣ್ಣಾದರೆ ಭಿಕ್ಖು ‘ಕಪ್ಪಿಯಂ ಕರೋಹಿ’ (ಇದನ್ನು ಸೇವನೆಗೆ ಯೋಗ್ಯ ಮಾಡು) ಎನ್ನುತ್ತಾರೆ. ನೀವು ಒಂದು ಹಣ್ಣಿಗೆ ಚಾಕು ತಾಗಿಸಿ ಗೀರುತ್ತ ‘ಕಪ್ಪಿಯಂ ಭಂತೇ’ (ಯೋಗ್ಯವಾಗಿದೆ, ಪೂಜ್ಯರೇ) ಎಂದರಾಯಿತು. ಹಣ್ಣುಗಳು ಒಂದಕ್ಕೊಂದು ತಾಗಿದ್ದರೆ ಅದೊಂದೇ ಗೀರು ಸಾಕು.

ಮೂಟೆಗಟ್ಟಲೆ ಅಕ್ಕಿ ತಂದು ಭಿಕ್ಖುವಿನ ಕೈಗೇ ಕೊಡಲು ಹೋಗಬೇಡಿ. ಅವರು ಹಸಿ ಧಾನ್ಯ ಸ್ವೀಕರಿಸುವುದಿಲ್ಲ, ಒಮ್ಮೆ ಸ್ವೀಕರಿಸಿದ ಆಹಾರವನ್ನು ಮರುದಿನಕ್ಕೆ ಇಟ್ಟುಕೊಳ್ಳುವಂತೆಯೂ ಇಲ್ಲ. ದಿನಸಿ ಅಡುಗೆಮನೆ ನೋಡಿಕೊಳ್ಳುವವರಿಗೆ ಹೋಗಲಿ. ತುಪ್ಪ, ಬೆಣ್ಣೆ, ಎಣ್ಣೆ, ಜೇನು, ಬೆಲ್ಲ ಔಷಧದ ಲೆಕ್ಕಕ್ಕೆ ಬರುತ್ತವೆ. ಕೈಗೆ ಬಂದ ಮೇಲೆ 7 ದಿನ ಇಟ್ಟುಕೊಳ್ಳಬಹುದು. ಹತ್ತು ಬಾಟಲಿ ಜೇನನ್ನು ಒಟ್ಟಿಗೆ ಅರ್ಪಿಸಿದರೆ ಹತ್ತಕ್ಕೂ ಅವಧಿ ಆಗಲೇ ಶುರುವಾಗುತ್ತದೆ. ಒಂದನ್ನು ಅರ್ಪಿಸಿ, ಉಳಿದದ್ದನ್ನು ಗೃಹಸ್ಥರ ಬಳಿ ಬಿಡಿ.

ಹಣವನ್ನು ಭಿಕ್ಖುವಿನ ಕೈಗೆ ಕೊಡಬೇಡಿ, ‘ಇದು ನಿಮ್ಮ ಹಣ’ ಎಂದೂ ಹೇಳಬೇಡಿ. ಕಪ್ಪಿಯಕಾರಕ, ಅಂದರೆ ಅವರ ಪರವಾಗಿ ವ್ಯವಹಾರ ನೋಡುವ ಗೃಹಸ್ಥ, ಯಾರೆಂದು ಕೇಳಿ ಅವರಿಗೆ ಕೊಡಿ. ನಂತರ ಭಿಕ್ಖುವಿಗೆ ‘ಇಷ್ಟು ಮೌಲ್ಯದ ಅಗತ್ಯ ವಸ್ತುಗಳಿಗೆ ಇಂಥವರ ಬಳಿ ವ್ಯವಸ್ಥೆ ಮಾಡಿದ್ದೇನೆ, ಬೇಕಾದಾಗ ಅವರಿಗೆ ತಿಳಿಸಿ’ ಎನ್ನಿ. ‘ಏನಾದರೂ ಬೇಕಿದ್ದರೆ ನನಗೆ ಹೇಳಿ ಭಂತೇ’ ಎಂದು ಮಾತಿಗೆ ಹೇಳುವುದೂ ಸಲ್ಲ. ಅದು ಅವರ ಪಾಲಿಗೆ ಅಧಿಕೃತ ಆಹ್ವಾನ. ಔಷಧಕ್ಕೆ ಅವಧಿ ಹೇಳದೆ ಆಹ್ವಾನಿಸಿದ್ದರೆ ಅದು 4 ತಿಂಗಳಿಗೆ ಅನ್ವಯಿಸುತ್ತದೆ. ಯಾವ ವಸ್ತು, ಎಷ್ಟು ಮೌಲ್ಯದವರೆಗೆ, ಎಲ್ಲಿಯವರೆಗೆ ಎಂದು ಬಿಡಿಸಿ ಹೇಳಿ.

ಕೈ ಬಿಗಿಯಿದ್ದಾಗ ಹಣ ಬಿಟ್ಟು ಕೆಲಸ ಕೊಡಿ, ಆದರೆ ಇಂಥ ಕೆಲಸ ಎಂದು ಹೆಸರಿಸಿ ಕೇಳಿ. ‘ಏನಾದರೂ ಸೇವೆ ಇದೆಯೇ’ ಎಂದರೆ ‘ಇಲ್ಲ’ ಎಂಬ ಉತ್ತರವೇ ಸುಲಭ. ‘ವಾರಕ್ಕೊಂದು ದಿನ ಬೆಳಗ್ಗೆ ಧ್ಯಾನದ ಕೋಣೆ ಗುಡಿಸಿ ಆಸನ ಜೋಡಿಸಲೇ?’, ‘ಡಬ್ಬಿ ತೆರೆಯುವಾಗ ಎರಡನೆಯವರಾಗಿ ಕೂತು ಎಣಿಸಿ, ಪುಸ್ತಕದಲ್ಲಿ ಬರೆಯಲೇ?’ ಎಂದರೆ ಒಪ್ಪುತ್ತಾರೆ. ಎರಡನೆಯ ಕೆಲಸಕ್ಕೆ ಜನ ಸಿಗುವುದೇ ಕಷ್ಟ, ಒಬ್ಬರೇ ಎಣಿಸುವ ಕಡೆ ಅನುಮಾನ ಹುಟ್ಟಲು ಹೆಚ್ಚು ಕಾಲವೂ ಬೇಕಿಲ್ಲ. ಹಿಡಿದ ಕೆಲಸಕ್ಕೆ ಮೂರು ತಿಂಗಳ ಮಾತು ಕೊಡಿ, ಬರಲಾಗದ ದಿನ ಹಿಂದಿನ ಸಂಜೆಯೇ ತಿಳಿಸಿ.