ಮಳೆಗಾಲದಲ್ಲಿ ನೀರು ಕುಡಿಯದ ಹಕ್ಕಿ

ಪ್ರಶ್ನೆ: ಮೇಡಂ, ನನ್ನ ಮಗಳು ಈ ವರ್ಷ ಎಂಟನೇ ತರಗತಿ. ವಿಜ್ಞಾನವೆಂದರೆ ಅವಳಿಗೆ ಪ್ರಾಣ. ಹೋದ ಹುಟ್ಟುಹಬ್ಬಕ್ಕೆ ಆನ್‌ಲೈನ್‌ನಲ್ಲಿ ಒಂದು ದೂರದರ್ಶಕ ತರಿಸಿಕೊಟ್ಟೆವು. ಅದರಲ್ಲಿ ಚಂದ್ರನೂ ಮಸುಕಾಗಿಯೇ ಕಂಡ, ಈಗ ಅದು ಅಟ್ಟ ಸೇರಿದೆ. ಮುಂದಿನ ತಿಂಗಳು ನನ್ನ ತಮ್ಮ ಲಂಡನ್ನಿನಿಂದ ಬರುತ್ತಾನೆ. ಅಲ್ಲಿನ ವಸ್ತುಸಂಗ್ರಹಾಲಯಗಳ ಅಂಗಡಿಯಲ್ಲಿ ಅಪರೂಪದ ವಸ್ತುಗಳು ಸಿಗುತ್ತವಂತೆ. ಎರಡು ಮೂರು ಸಾವಿರದೊಳಗೆ ಏನು ತರಿಸಲಿ?
– ಒಬ್ಬ ತಾಯಿ, ಹಾಸನ

ಉತ್ತರ: ಮೊದಲು ಬೇಡದ್ದನ್ನು ಹೇಳಿಬಿಡುತ್ತೇನೆ. ಆವರ್ತ ಕೋಷ್ಟಕ ಮುದ್ರಿಸಿದ ಲೋಟ, ಸೂತ್ರ ಬರೆದ ಟೀ ಶರ್ಟ್, ಐನ್‌ಸ್ಟೈನ್ ಮುಖದ ಗಡಿಯಾರ ಬೇಡ. ಇಂಥ ಅಂಗಡಿಗಳ ಅರ್ಧ ಕಪಾಟು ಇವುಗಳಿಂದಲೇ ತುಂಬಿರುತ್ತದೆ. ಮೇಜಿನ ಮೇಲಿಟ್ಟರೆ ಏನಾದರೂ ಮಾಡುವ ವಸ್ತು ಕೊಡಿ. ಹುಡುಗಿ ಅದರ ಮುಂದೆ ಕುಳಿತು ‘ಯಾಕೆ ಹೀಗೆ?’ ಎಂದು ಕೇಳುವಂತಿರಬೇಕು.

ನಾನಾಗಿದ್ದರೆ ಕ್ರೂಕ್ಸ್ ರೇಡಿಯೋಮೀಟರ್ ತರಿಸುತ್ತಿದ್ದೆ. ಇದು ಮುಷ್ಟಿಗಿಂತ ತುಸು ದೊಡ್ಡದಾದ ಗಾಜಿನ ಬುರುಡೆ. ಒಳಗೆ ಸೂಜಿಮೊನೆಯ ಮೇಲೆ ನಾಲ್ಕು ತೆಳು ರೆಕ್ಕೆಗಳು ಕುಳಿತಿರುತ್ತವೆ. ಪ್ರತಿ ರೆಕ್ಕೆಯ ಒಂದು ಮುಖ ಕಪ್ಪು, ಇನ್ನೊಂದು ಬಿಳಿ ಅಥವಾ ಬೆಳ್ಳಿಬಣ್ಣ. ಬೆಳಗಿನ ಬಿಸಿಲು ಬೀಳುವ ಕಿಟಕಿಯಲ್ಲಿಟ್ಟರೆ ಬ್ಯಾಟರಿಯಿಲ್ಲದೆ, ತಂತಿಯಿಲ್ಲದೆ ಗಿರಗಿರನೆ ತಿರುಗತೊಡಗುತ್ತದೆ. ಮೋಡ ಅಡ್ಡ ಬಂದರೆ ನಿಧಾನವಾಗುತ್ತದೆ.

‘ಬೆಳಕು ತಳ್ಳುತ್ತಿದೆ’ ಎಂದು ನಿಮ್ಮ ಮಗಳು ಹೇಳಿಯೇ ಹೇಳುತ್ತಾಳೆ. ಕೂಡಲೇ ತಪ್ಪು ಎನ್ನಬೇಡಿ. 1870ರ ದಶಕದಲ್ಲಿ ಇದನ್ನು ಮಾಡಿದ ವಿಲಿಯಂ ಕ್ರೂಕ್ಸ್ ಕೂಡ ಮೊದಲು ಹಾಗೆಯೇ ಅಂದುಕೊಂಡಿದ್ದ. ಥ್ಯಾಲಿಯಂ ಎಂಬ ಲೋಹವನ್ನು ಗಾಳಿ ತೆಗೆದ ಪೆಟ್ಟಿಗೆಯಲ್ಲಿ ತೂಗುವಾಗ, ಬಿಸಿಯ ವಸ್ತು ಹತ್ತಿರವಿದ್ದರೆ ತಕ್ಕಡಿ ವಿಚಿತ್ರವಾಗಿ ಅಲುಗುವುದನ್ನು ಕಂಡು ಅವನು ಇದರ ಬೆನ್ನು ಹತ್ತಿದ. ಮಗಳಿಗೆ ಒಂದೇ ಮಾತು ಹೇಳಿ: ‘ಯಾವ ಮುಖ ಹಿಂದೆ ಸರಿಯುತ್ತಿದೆ, ನೋಡಿ ಹೇಳು.’ ಹಿಂದೆ ಸರಿಯುವುದು ಕಪ್ಪು ಮುಖ. ಬೆಳಕಿನ ತಳ್ಳುವಿಕೆಯೇ ಕಾರಣವಾಗಿದ್ದರೆ, ಬೆಳಕನ್ನು ಹಿಂದಕ್ಕೆ ಎಸೆಯುವ ಬಿಳಿ ಮುಖದ ಮೇಲೆ ಒತ್ತಡ ಹೆಚ್ಚಾಗಿ, ಅದೇ ಹಿಂದೆ ಸರಿಯಬೇಕಿತ್ತು. ನಿಜವಾದ ಕೆಲಸ ಬುರುಡೆಯಲ್ಲಿ ಉಳಿಸಿದ ಒಂದಿಷ್ಟು ಗಾಳಿಯದು. ಕಪ್ಪು ಮುಖ ಹೆಚ್ಚು ಬಿಸಿಯಾಗುತ್ತದೆ, ಆ ಬಿಸಿಯ ವ್ಯತ್ಯಾಸದಿಂದ ರೆಕ್ಕೆಯ ಅಂಚಿನಲ್ಲಿ ಗಾಳಿ ಹರಿದು ರೆಕ್ಕೆಯನ್ನು ತಳ್ಳುತ್ತದೆ. ಗಾಳಿಯನ್ನು ಪೂರ್ತಿ ತೆಗೆದರೆ ತಿರುಗುವುದು ನಿಲ್ಲುತ್ತದೆ. ಮ್ಯಾಕ್ಸ್‌ವೆಲ್, ಆಸ್ಬೋರ್ನ್ ರೆನಾಲ್ಡ್ಸ್ ಅಂಥವರು 1879ರ ಹೊತ್ತಿಗೂ ಇದನ್ನು ಬಿಡಿಸುತ್ತಲೇ ಇದ್ದರು. ಇಷ್ಟನ್ನೂ ಮೊದಲ ದಿನವೇ ಹೇಳಿಬಿಡಬೇಡಿ. ಬಿಸಿಲಿನಲ್ಲಿದ್ದದ್ದನ್ನು ತೆಗೆದು ಫ್ರಿಜ್ಜಿನ ಕತ್ತಲಲ್ಲಿಟ್ಟರೆ ಏನಾಗುತ್ತದೆ ಎಂದು ಕೇಳಿ. ತಣಿಯುವಾಗ ಕಪ್ಪು ಮುಖವೇ ಬೇಗ ತಣಿಯುತ್ತದೆ, ಆಗ ರೆಕ್ಕೆ ಹಿಂದುಮುಂದಾಗಿ ತಿರುಗುತ್ತದೆ. ಬಾಗಿಲನ್ನು ಸ್ವಲ್ಪವೇ ತೆರೆದು ಅವಳು ಇಣುಕಿ ನೋಡಲಿ.

ತಮ್ಮನಿಗೆ ಸೌತ್ ಕೆನ್ಸಿಂಗ್ಟನ್‌ನಲ್ಲಿರುವ ಸೈನ್ಸ್ ಮ್ಯೂಸಿಯಂಗೆ ಹೋಗಿ ವಿಚಾರಿಸಲು ಹೇಳಿ. ಅಲ್ಲಿ ಪ್ರವೇಶ ಉಚಿತ. ಬುರುಡೆಯನ್ನು ಸ್ವೆಟರಿನಲ್ಲಿ ಸುತ್ತಿ ಕೈಚೀಲದಲ್ಲೇ ತರಲಿ. ಅಂಚೆಯಲ್ಲಿ ತರಿಸುವುದಾದರೆ ವಸ್ತುವಿನ ಬೆಲೆಗೆ ಸಾಗಣೆ ಖರ್ಚು, ಸುಂಕ ಎರಡನ್ನೂ ಕೂಡಿಸಿ ಲೆಕ್ಕ ಹಾಕಿ. ‘ಉಡುಗೊರೆ’ ಎಂದು ಬರೆದ ಮಾತ್ರಕ್ಕೆ ಸುಂಕ ತಪ್ಪುವುದಿಲ್ಲ.

ಇನ್ನೊಂದು ನನ್ನ ಪ್ರೀತಿಯ ವಸ್ತು ಇದೆ, ನಮ್ಮಲ್ಲಿಯೂ ಸಿಗುತ್ತದೆ. ಅದು ನೀರು ಕುಡಿಯುವ ಗಾಜಿನ ಹಕ್ಕಿ. ಅಮೆರಿಕದ ಮೈಲ್ಸ್ ಸಲಿವನ್‌ಗೆ ಇದರ ಪೇಟೆಂಟ್ 1946ರಲ್ಲಿ ಸಿಕ್ಕಿತು. ಬಟ್ಟೆ ಹೊದಿಸಿದ ತಲೆಯನ್ನು ಒಮ್ಮೆ ಒದ್ದೆ ಮಾಡಿ ಮುಂದೆ ಒಂದು ಲೋಟ ನೀರಿಡಬೇಕು. ತಲೆಯ ನೀರು ಆರುತ್ತಾ ತಲೆ ತಣ್ಣಗಾಗುತ್ತದೆ, ಮಣ್ಣಿನ ಹೂಜಿಯದೇ ಗುಟ್ಟು. ಒಳಗಿನ ಆವಿ ದ್ರವವಾಗಿ ಅಲ್ಲಿ ಒತ್ತಡ ಇಳಿಯುತ್ತದೆ, ಹೊಟ್ಟೆಯ ಬಣ್ಣದ ದ್ರವ ಕೊರಳಿಗೇರುತ್ತದೆ. ತಲೆ ಭಾರವಾಗಿ ಹಕ್ಕಿ ಬಾಗುತ್ತದೆ, ಕೊಕ್ಕು ನೀರಿಗೆ ತಾಗುತ್ತದೆ, ದ್ರವ ಹಿಂದಕ್ಕಿಳಿದು ಮತ್ತೆ ನೆಟ್ಟಗಾಗುತ್ತದೆ.

ಬಳ್ಳಾರಿಯಲ್ಲಿ ನಾನು ಪಾಠ ಮಾಡುತ್ತಿದ್ದಾಗ ಶಾಲೆಯ ಮೇಜಿನ ಮೇಲೆ ಇಂಥದೊಂದು ಹಕ್ಕಿ ಇಟ್ಟಿದ್ದೆ. ಏಪ್ರಿಲ್ ತಿಂಗಳಲ್ಲಿ ಅದಕ್ಕೆ ಬಿಡುವೇ ಇರುತ್ತಿರಲಿಲ್ಲ. ನಿವೃತ್ತಿಯ ನಂತರ ಅದೇ ಹಕ್ಕಿಯನ್ನು ಉಡುಪಿಗೆ ತಂದೆ. ಜೂನ್ ಎರಡನೇ ವಾರ, ಹೊರಗೆ ಮೂರು ದಿನದಿಂದ ಬಿಡದ ಮಳೆ. ತಲೆ ಒದ್ದೆ ಮಾಡಿ ಲೋಟ ಇಟ್ಟೆ. ಕೊರಳಲ್ಲಿ ದ್ರವ ಅರ್ಧ ಬೆರಳಿನಷ್ಟು ಏರಿ ಅಲ್ಲೇ ನಿಂತಿತು, ಹಕ್ಕಿ ಬಾಗಲೇ ಇಲ್ಲ. ಹಗ್ಗದ ಮೇಲಿನ ಸೀರೆಗಳೂ ಮೂರು ದಿನದಿಂದ ಆರಿರಲಿಲ್ಲ. ಗಾಳಿ ಆಗಲೇ ನೀರಿನಿಂದ ತುಂಬಿದ್ದರೆ ತಲೆಯ ನೀರು ಎಲ್ಲಿಗೆ ಹೋಗಬೇಕು? ಆರ್ದ್ರತೆ ಎಂಬ ಪದವನ್ನು ನಾನು ಇಪ್ಪತ್ತೆಂಟು ವರ್ಷ ಕಲಿಸಿದ್ದೆ, ಕಣ್ಣಿಗೆ ಕಂಡದ್ದು ಆ ದಿನ. ಹಾಸನದಲ್ಲಿ ಅದು ಎಷ್ಟು ನಿಮಿಷಕ್ಕೊಮ್ಮೆ ಬಾಗುತ್ತದೆ ಎಂದು ನಿಮ್ಮ ಮಗಳು ಬರೆದಿಡಲಿ, ನನಗೂ ಕಳುಹಿಸಲಿ. ಒಂದು ಎಚ್ಚರಿಕೆ: ಒಳಗಿರುವುದು ಸಾಮಾನ್ಯವಾಗಿ ಡೈಕ್ಲೋರೋಮೀಥೇನ್, ವಿಷಕಾರಿ. ಸಣ್ಣ ಮಕ್ಕಳಿರುವ ಮನೆಯಲ್ಲಿ ಕೈಗೆಟುಕದ ಕಡೆ ಇಡಿ.

ಪ್ರಶ್ನೆ: ನಾನು ಕ್ಯಾಲಿಫೋರ್ನಿಯಾದಲ್ಲಿದ್ದೇನೆ. ಅಪ್ಪ ಧಾರವಾಡದಲ್ಲಿ ಗಣಿತದ ಉಪನ್ಯಾಸಕರಾಗಿದ್ದವರು. ಅವರ ಎಪ್ಪತ್ತನೇ ವರ್ಷದ ಶಾಂತಿಗೆ ಊರಿಗೆ ಹೊರಟಿದ್ದೇನೆ. ಶಾಲು, ಗಡಿಯಾರ ಅವರಿಗೆ ಬೇಡ. ಹಣದ ಚಿಂತೆಯಿಲ್ಲ.
– ಮಗ, ಸ್ಯಾನ್ ಹೊಸೆ

ಉತ್ತರ: ನಿಮ್ಮ ಹತ್ತಿರದ ಓಕ್ಲೆಂಡ್‌ನಲ್ಲಿ ಕ್ಲಿಫ್ ಸ್ಟಾಲ್ ಎಂಬ ಖಗೋಳವಿಜ್ಞಾನಿ ಗಾಜಿನ ಕ್ಲೈನ್ ಬಾಟಲಿಗಳನ್ನು ಮಾರುತ್ತಾರೆ. ಮನೆಯ ನೆಲದಡಿಯ ಕಿರಿದಾದ ಜಾಗವೇ ಅವರ ಉಗ್ರಾಣ. ಅಲ್ಲಿಂದ ಪೆಟ್ಟಿಗೆಗಳನ್ನು ಹೊರತರಲು ತಾವೇ ಒಂದು ಪುಟ್ಟ ಯಂತ್ರಮಾನವ ಮಾಡಿಕೊಂಡಿದ್ದಾರೆ. ಫೆಲಿಕ್ಸ್ ಕ್ಲೈನ್ 1882ರಲ್ಲಿ ವಿವರಿಸಿದ ಈ ಆಕೃತಿಗೆ ಒಳಗು ಹೊರಗು ಎಂಬ ಭೇದವಿಲ್ಲ. ನಿಮ್ಮ ತಂದೆ ಕರಿಹಲಗೆಯ ಮೇಲೆ ಅದನ್ನು ಎಷ್ಟು ಸಲ ಬರೆದಿದ್ದಾರೋ, ಈಗ ಕೈಯಲ್ಲಿ ಹಿಡಿಯಲಿ.

ಆದರೆ ಎಪ್ಪತ್ತಕ್ಕೆ ನಾನು ಆರಿಸುವುದು ಗೊಂಬೊಕ್. ತಂಜಾವೂರು ಬೊಂಬೆಯನ್ನು ಎತ್ತ ತಳ್ಳಿದರೂ ಎದ್ದು ನಿಲ್ಲುತ್ತದಲ್ಲ, ಅದಕ್ಕೆ ಕಾರಣ ಬುಡದಲ್ಲಿ ತುಂಬಿದ ಭಾರ. ಬುಡದಲ್ಲಿ ಭಾರವಿಡದೆ, ಒಂದೇ ಸಮನಾದ ವಸ್ತುವಿನಿಂದ, ಎಲ್ಲೂ ತಗ್ಗಿಲ್ಲದ ಆಕಾರದ ಬಲದಿಂದಲೇ ಹೀಗೆ ಏಳಬಲ್ಲ ಆಕೃತಿ ಇರಬಹುದು ಎಂದು ರಷ್ಯದ ಗಣಿತಜ್ಞ ವ್ಲಾದಿಮಿರ್ ಆರ್ನಾಲ್ಡ್ 1995ರಲ್ಲಿ ಊಹಿಸಿದರು. ಹಂಗೇರಿಯ ಗಾಬೊರ್ ಡೊಮೊಕೊಶ್ ಮತ್ತು ಪೀಟರ್ ವಾರ್ಕೊನಿ 2006ರಲ್ಲಿ ಅದನ್ನು ಕಂಡುಹಿಡಿದರು. ಹೇಗೇ ಇಟ್ಟರೂ ಅದು ಅತ್ತಿತ್ತ ತೂಗಿ, ಯೋಚಿಸಿದಂತೆ ಒಂದು ಕ್ಷಣ ತಡೆದು, ಹೊರಳಿ ಒಂದೇ ಭಂಗಿಗೆ ಬಂದು ನಿಲ್ಲುತ್ತದೆ. ಆಕಾರ ಕೂದಲೆಳೆಯಷ್ಟು ತಪ್ಪಿದರೂ ಕೆಲಸ ಕೆಡುತ್ತದೆ, ಬೆಲೆ ಹೆಚ್ಚಿರುವುದು ಅದಕ್ಕೇ. ಸಂಶೋಧಕರದೇ ಆನ್‌ಲೈನ್ ಮಳಿಗೆಯಿದೆ. ಅಗ್ಗದ ನಕಲು ಕೊಳ್ಳಬೇಡಿ.

ಅಪ್ಪನಿಗೆ ಕೊಡುವಾಗ ಇದನ್ನೂ ಹೇಳಿ: ಈ ಆಕೃತಿಗೆ ತೀರ ಹತ್ತಿರದ ಆಕಾರ ನಮ್ಮ ನಕ್ಷತ್ರ ಆಮೆಯ ಚಿಪ್ಪು. ಕೋಲಾರದ ಕಡೆಯ ಕುರುಚಲು ಕಾಡಿನಲ್ಲಿರುವ ಅದೇ ಆಮೆ. ಬೆನ್ನಡಿಯಾಗಿ ಬಿದ್ದರೆ ಮರಳಿ ಹೊರಳಲು ಎತ್ತರದ ಆ ಚಿಪ್ಪೇ ಅದಕ್ಕೆ ನೆರವು. (ಆಮೆಯನ್ನು ಮನೆಯಲ್ಲಿ ಸಾಕುವುದು ಅಪರಾಧ, ದಯವಿಟ್ಟು ಯಾರೂ ಆ ಯೋಚನೆ ಮಾಡಬೇಡಿ.) ಗೊಂಬೊಕ್ ಅನ್ನು ಗಟ್ಟಿಯಾದ, ಸಮತಟ್ಟಾದ, ಧೂಳಿಲ್ಲದ ಮೇಲ್ಮೈ ಮೇಲಿಡಬೇಕು. ಮೇಜುಬಟ್ಟೆಯ ಮೇಲೆ ಅದು ಹೊರಳುವುದಿಲ್ಲ.

ಪ್ರಶ್ನೆ: ಆನ್‌ಲೈನ್‌ನಲ್ಲಿ ಒಂಬೈನೂರು ರೂಪಾಯಿಗೆ ಉಲ್ಕಾಶಿಲೆಯ ಪದಕ, ಜೊತೆಗೆ ಪ್ರಮಾಣಪತ್ರ. ತಂಗಿಗೆ ಕೊಡಿಸಬಹುದೇ?
– ಓದುಗ, ಕಲಬುರಗಿ

ಉತ್ತರ: ಅವಸರ ಬೇಡ. ನಾನೂ ಒಮ್ಮೆ ಹೀಗೆಯೇ ಒಂದು ತುಂಡು ತರಿಸಿದ್ದೆ. ಪೊಟ್ಟಣ ಬಿಚ್ಚಿದ ಕೂಡಲೇ ಗುರುತು ಸಿಕ್ಕಿತು. ನಾನು ಬೆಳೆದದ್ದು ಭದ್ರಾವತಿಯಲ್ಲಿ, ಕಬ್ಬಿಣದ ಕಿಟ್ಟ ನೋಡಿಕೊಂಡೇ ಬೆಳೆದವಳು. ಮೈತುಂಬ ಗುಳ್ಳೆಯ ತೂತುಗಳಿದ್ದ ಅದು ಕಿಟ್ಟವೇ. ಅಯಸ್ಕಾಂತಕ್ಕೆ ಅಂಟುತ್ತದೆ ಎಂದು ಮಾರುವವರು ಹೇಳುತ್ತಾರೆ; ಕಿಟ್ಟವೂ ಅಂಟಬಹುದು. ಯಾವ ಉಲ್ಕೆ, ಎಲ್ಲಿ ಬಿದ್ದದ್ದು ಎಂದು ಕೇಳಿ. 1947ರ ಫೆಬ್ರವರಿ 12ರಂದು ರಷ್ಯದಲ್ಲಿ ಬಿದ್ದ ಸಿಖೋಟೆ ಅಲಿನ್‌ನಂತೆ ನಿಜವಾದದ್ದಕ್ಕೆ ಹೆಸರಿರುತ್ತದೆ. ಅರ್ಜೆಂಟೀನಾದ ಕಾಂಪೊ ದೆಲ್ ಸಿಯೆಲೊ ಎಂದರೆ ಬಿಟ್ಟುಬಿಡಿ, ಆ ದೇಶ ಅದರ ಸಾಗಣೆಯನ್ನು ಕಾನೂನಿನಿಂದ ತಡೆದಿದೆ.

ಪುರಾತನ ವಸ್ತುವೇ ಬೇಕೆಂದರೆ ಮನೆಯ ದೇವರ ಪೆಟ್ಟಿಗೆಯಲ್ಲಿ ಸಾಲಿಗ್ರಾಮವಿದೆಯೇ ಎಂದು ಅಜ್ಜಿಯನ್ನು ಕೇಳಿ. ಗಂಡಕಿ ನದಿಯ ಆ ಕಲ್ಲಿನೊಳಗಿನ ಚಕ್ರ ಡೈನೊಸಾರ್ ಕಾಲದ ಸಮುದ್ರಜೀವಿ ಅಮೊನೈಟ್‌ನ ಅಚ್ಚು. ಪೂಜೆಯ ನಂತರ ತಂಗಿಗೆ ಒಂದು ಭೂತಗನ್ನಡಿ ಕೊಟ್ಟು ತೋರಿಸಿ.

ಪ್ರಶ್ನೆ: ನಮ್ಮ ಹಳ್ಳಿಯ ಶಾಲೆಯಲ್ಲಿ ರಸಪ್ರಶ್ನೆ ಗೆದ್ದ ಮೂವರಿಗೆ ಬಹುಮಾನ ಕೊಡಬೇಕು. ಹೆಚ್ಚು ಹಣವಿಲ್ಲ.
– ಶಿಕ್ಷಕ, ಸಿಂದಗಿ

ಉತ್ತರ: ಮೂವರಿಗೂ ಸೇರಿ ಒಂದು ಫೋಲ್ಡ್‌ಸ್ಕೋಪ್ ಕೊಡಿ. ಕಾಗದ ಮಡಚಿ ಮಾಡುವ ಈ ಸೂಕ್ಷ್ಮದರ್ಶಕವನ್ನು ಸ್ಟ್ಯಾನ್‌ಫೋರ್ಡ್‌ನ ಮನು ಪ್ರಕಾಶ್ ಮತ್ತು ಅವರ ಸಂಗಡಿಗರು ರೂಪಿಸಿದರು, ವಿವರ 2014ರಲ್ಲಿ ಪ್ರಕಟವಾಯಿತು. ಸುಮಾರು 140 ಪಟ್ಟು ಹಿಗ್ಗಿಸಿ ತೋರಿಸುತ್ತದೆ, ಮೊಬೈಲಿಗೂ ಜೋಡಿಸಬಹುದು. ಮಡಚುವ ಕೆಲಸ ಮಕ್ಕಳೇ ಮಾಡಲಿ, ಒಂದು ಮಧ್ಯಾಹ್ನ ಬೇಕು. ಮೊದಲ ದಿನ ಈರುಳ್ಳಿಯ ಪೊರೆ, ಮರುದಿನ ಕೆರೆಯ ನೀರಿನ ಒಂದು ಹನಿ.