ಸೈಟ್ ಬದಲಿಸಿದ ಮೇಲೂ ಹಳೆ ಪುಟಗಳು ಗೂಗಲ್‌ನಲ್ಲಿ ಬರ್ತಿವೆ, ಎಲ್ಲವನ್ನೂ ಒಟ್ಟಿಗೆ ತೆಗೆಯೋದು ಹೇಗೆ?

ರೋಬಾಟ್ಸ್ ಫೈಲ್‌ನಲ್ಲಿ (ಸೈಟಿನ ಯಾವ ಭಾಗಕ್ಕೆ ಬರಬಾರದು ಅಂತ ಸರ್ಚ್ ಎಂಜಿನ್ನುಗಳಿಗೆ ಹೇಳೋ robots.txt) ತಡೆದರೂ ಹೋಗ್ತಿಲ್ಲ ಅಂದಿದ್ದೀರಿ. ತಡೆದಿರೋದರಿಂದಲೇ ಹೋಗ್ತಿಲ್ಲ. ನಾನೂ ಇದನ್ನೇ ಮಾಡಿ ಒಂದು ಸೀಸನ್ ಪೂರ್ತಿ ಕಳೆದುಕೊಂಡೆ.

ಮೂಡಿಗೆರೆ ಹತ್ತಿರ ನಮ್ಮದೊಂದು ಹೋಂಸ್ಟೇ ಇದೆ. ಅಪ್ಪ ಶುರು ಮಾಡಿದ್ದು. ಅವರು ತೀರಿಕೊಂಡ ಮೇಲೆ ನಾನು ಬೆಂಗಳೂರು ಬಿಟ್ಟು ಬಂದೆ, ಸೈಟನ್ನು ಹೊಸದಾಗಿ ಮಾಡಿಸಿದೆ. ಪುಟಗಳ ವಿಳಾಸವೆಲ್ಲ ಬದಲಾಯಿತು, ಹಳೆಯವು ಸರ್ವರ್‌ನಲ್ಲಿ ಹಾಗೇ ಉಳಿದವು. ಒಂದು ಭಾನುವಾರ ಬೆಳಿಗ್ಗೆ ಹೊರಡಲು ನಿಂತಿದ್ದ ಒಬ್ಬರು ಬಿಲ್ ನೋಡಿ ಸುಮ್ಮನಾದರು. ಆಮೇಲೆ ಫೋನ್ ತೆಗೆದು ನನ್ನ ಮುಂದೆ ಹಿಡಿದರು. ತಲೆಗೆ 1,400 ರೂಪಾಯಿ ಅಂತಿತ್ತು. ಅಪ್ಪನ ಕಾಲದ ರೇಟು. ಆಗ ನಮ್ಮದು 2,200. ಅವರದ್ದೇನು ತಪ್ಪು? ಹಳೆ ರೇಟಿನಲ್ಲೇ ದುಡ್ಡು ತಗೊಂಡೆ.

ಅವತ್ತು ರಾತ್ರಿಯೇ ಕೂತು ಹಳೆ ಪುಟಗಳನ್ನು ಡಿಲೀಟ್ ಮಾಡಿದೆ. ಅಷ್ಟಕ್ಕೆ ಬಿಟ್ಟಿದ್ದರೂ ಇಷ್ಟು ಕಷ್ಟ ಆಗ್ತಿರಲಿಲ್ಲ. ಗೂಗಲ್ ಈ ಕಡೆ ತಲೆ ಹಾಕಲೇಬಾರದು ಅಂತ ರೋಬಾಟ್ಸ್ ಫೈಲ್‌ನಲ್ಲಿ ಆ ಫೋಲ್ಡರ್‌ಗೆ ಡಿಸ್‌ಅಲೌ ಬರೆದೆ. ಜೊತೆಗೆ ಸೈಟ್ ಮಾಲೀಕರಿಗಾಗಿ ಗೂಗಲ್ ಕೊಡೋ ಸರ್ಚ್ ಕನ್ಸೋಲ್‌ಗೆ ಹೋಗಿ, ಹುಡುಕಾಟದಲ್ಲಿ ಪುಟ ಕಾಣದಂತೆ ಮಾಡಿಸೋ ರಿಮೂವಲ್ಸ್‌ನಲ್ಲಿ ಅರ್ಜಿ ಹಾಕಿದೆ. ಒಂದೇ ದಿನದಲ್ಲಿ ಎಲ್ಲ ಮಾಯ. ಕೆಲಸ ಮುಗೀತು ಅಂದುಕೊಂಡೆ.

ಇದನ್ನು ಸ್ವಲ್ಪ ಬಿಡಿಸಿ ಹೇಳ್ತೀನಿ, ಬೇಜಾರಾಗಬೇಡಿ. ಡಿಸ್‌ಅಲೌ ಅಂದರೆ 'ಒಳಗೆ ಬರಬೇಡ' ಅಂತ ಅರ್ಥ. 'ಪಟ್ಟಿಯಿಂದ ತೆಗೆ' ಅಂತ ಅಲ್ಲ. ಪುಟ ಇಲ್ಲ ಅಂತ ಗೂಗಲ್‌ಗೆ ಗೊತ್ತಾಗಬೇಕಾದರೆ ಅದು ಬಂದು ಬಾಗಿಲು ತಟ್ಟಬೇಕು, ಸರ್ವರ್ 404 (ಪುಟ ಸಿಗಲಿಲ್ಲ) ಅಥವಾ 410 (ಪುಟ ತೆಗೆದಾಗಿದೆ) ಅಂತ ಉತ್ತರ ಕೊಡಬೇಕು. ಅಂಚೆಯವನನ್ನು ಗೇಟಿನಲ್ಲೇ ತಡೆದರೆ ಮನೆ ಖಾಲಿಯಾಗಿದೆ ಅಂತ ಅವನಿಗೆ ಹೇಗೆ ತಿಳಿಯಬೇಕು? 'ಈ ಪುಟವನ್ನು ಪಟ್ಟಿಯಲ್ಲಿ ಇಡಬೇಡ' ಅಂತ ಹೇಳೋ ನೋಇಂಡೆಕ್ಸ್ ಕಥೆಯೂ ಇಷ್ಟೇ. ಆ ಟ್ಯಾಗ್ ಪುಟದ ಒಳಗಿರುತ್ತೆ, ಒಳಗೆ ಬಿಡದೆ ಓದೋದು ಹೇಗೆ? ರೋಬಾಟ್ಸ್ ಫೈಲ್‌ನಲ್ಲೇ ನೋಇಂಡೆಕ್ಸ್ ಬರೆಯಿರಿ ಅಂತ ಯಾರಾದರೂ ಹೇಳಿದರೆ ನಂಬಬೇಡಿ, ಗೂಗಲ್ 2019ರ ಸೆಪ್ಟೆಂಬರ್ 1ರಿಂದ ಅದನ್ನು ಲೆಕ್ಕಕ್ಕೇ ತಗೊಳ್ಳೋದಿಲ್ಲ. ಇನ್ನು ರಿಮೂವಲ್ಸ್? ಅದು ಸುಮಾರು ಆರು ತಿಂಗಳು ಮರೆಮಾಡುತ್ತೆ, ಅಷ್ಟೇ.

ಆರು ತಿಂಗಳಾಯಿತು, ಸರಿಯಾಗಿ ಸೀಸನ್ ಹೊತ್ತಿಗೆ ಹಳೆ ವಿಳಾಸ ಮತ್ತೆ ಬಂತು. ನಾಲ್ಕಾರು ಟ್ರೆಕ್ಕಿಂಗ್ ಬ್ಲಾಗ್‌ಗಳು ಅದಕ್ಕೇ ಲಿಂಕ್ ಕೊಟ್ಟಿದ್ದವು. ನಮ್ಮ ಹೋಂಸ್ಟೇ ಹೆಸರು, ಕೆಳಗೆ 'ಈ ಪುಟದ ಬಗ್ಗೆ ಮಾಹಿತಿ ಇಲ್ಲ' ಅನ್ನೋ ಸಾಲು. ಒತ್ತಿದರೆ ಪುಟವೇ ಇಲ್ಲ. ಪ್ರತಿ ಡಿಸೆಂಬರ್‌ಗೆ ಬರುತ್ತಿದ್ದ ಹುಬ್ಬಳ್ಳಿಯ ಕುಟುಂಬವೊಂದು ಆ ವರ್ಷ ಬರಲಿಲ್ಲ. ಜನವರಿಯಲ್ಲಿ ಆ ಮನೆಯಾಕೆ ಅಮ್ಮನಿಗೆ ಫೋನ್ ಮಾಡಿದರು. "ಯಜಮಾನ್ರು ಹೋದ ಮ್ಯಾಲೆ ಮುಚ್ಚಿಬಿಟ್ರಿ ಅಂದ್ಕೊಂಡ್ವಿ ನೋಡ್ರಿ, ಫೋನ್ನಾಗ ಏನೂ ಬರಲಿಲ್ಲ." ಅಮ್ಮ ಫೋನ್ ಮಡಿಲಲ್ಲಿಟ್ಟುಕೊಂಡು ಎಷ್ಟೋ ಹೊತ್ತು ಹಾಗೇ ಕೂತಿದ್ದರು. ಅದನ್ನು ನಾನು ಮರೆಯೋಕಾಗಲ್ಲ.

ಹಾಗಾಗಿ ಹೇಳ್ತೀನಿ, ಎಲ್ಲವನ್ನೂ ಒಟ್ಟಿಗೆ ತೆಗೆಯಬೇಕು ಅನ್ನೋ ಯೋಚನೆಯೇ ಬೇಡ. ಹಳೆ ಪುಟ ಅಂದರೆ ಜನಕ್ಕೆ ಗೊತ್ತಿರೋ ದಾರಿ. ಮೊದಲು ಆ ಡಿಸ್‌ಅಲೌ ಸಾಲು ಅಳಿಸಿ. ಆಮೇಲೆ ಯಾವ ಹಳೆ ಪುಟಕ್ಕೆ ಹೊಸದರಲ್ಲಿ ಜೋಡಿ ಇದೆಯೋ ಅದಕ್ಕೆ 301 ರಿಡೈರೆಕ್ಟ್ ಹಾಕಿ, ಅಂದರೆ ಹಳೆ ವಿಳಾಸಕ್ಕೆ ಬಂದವರನ್ನು ತಾನಾಗೇ ಹೊಸದಕ್ಕೆ ಕಳಿಸೋ ಕಾಯಂ ವ್ಯವಸ್ಥೆ. ಹಳೆ ರೇಟಿನ ಪುಟ ಹೊಸ ರೇಟಿನ ಪುಟಕ್ಕೆ, ರೂಮಿನದ್ದು ರೂಮಿಗೆ. ಸುಮ್ನೆ ಎಲ್ಲವನ್ನೂ ಹೋಮ್ ಪೇಜ್‌ಗೆ ತಿರುಗಿಸಬೇಡಿ, ಗೂಗಲ್ ಅದನ್ನು 'ಪುಟ ಇಲ್ಲ' ಅಂತಲೇ ತಿಳಿಯೋದು ಜಾಸ್ತಿ. ಒಂದು ವರ್ಷವಾದರೂ ರಿಡೈರೆಕ್ಟ್ ತೆಗೆಯಬೇಡಿ. ಜೋಡಿಯೇ ಇಲ್ಲದ ಪುಟಗಳಿಗೆ ಮಾತ್ರ 404 ಅಥವಾ 410, ಎರಡರಲ್ಲಿ ಯಾವುದು ಅಂತ ತಲೆ ಕೆಡಿಸಿಕೊಳ್ಳಬೇಡಿ. ರಿಮೂವಲ್ಸ್ ಬೇಕಾಗೋದು ಯಾರದ್ದೋ ಫೋನ್ ನಂಬರೋ ಆಧಾರ್ ಪ್ರತಿಯೋ ಇವತ್ತೇ ಮರೆಯಾಗಬೇಕು ಅಂದಾಗ. ಆಗಲೂ ಮೂಲ ಪುಟವನ್ನು ತೆಗೆದಿರಲೇಬೇಕು.

ನಾನು ಇಷ್ಟು ಮಾಡಿದ ಮೇಲೆ ಸರಿಹೋಗೋಕೆ ಕೆಲವು ವಾರ ಬೇಕಾಯಿತು. ದಿನಾ ಹುಡುಕಿ ನೋಡಿ ಸಂಕಟಪಡಬೇಡಿ.

ಪಿಡಿಎಫ್‌ಗಳನ್ನು ಮಾತ್ರ ಮರೆಯಬೇಡಿ. ಅದರಲ್ಲಿ ನೋಇಂಡೆಕ್ಸ್ ಮೆಟಾ ಟ್ಯಾಗ್ ಹಾಕೋಕೆ ಆಗಲ್ಲ. ಫೈಲ್ ಇಟ್ಟುಕೊಳ್ಳಲೇಬೇಕು ಅಂದರೆ ಫೈಲ್ ಜೊತೆ ಸರ್ವರ್ ಕಳಿಸೋ ಹೆಡರ್‌ನಲ್ಲಿ ಎಕ್ಸ್-ರೋಬಾಟ್ಸ್-ಟ್ಯಾಗ್ ಮೂಲಕ ನೋಇಂಡೆಕ್ಸ್ ಕೊಡಬೇಕು, ಬೇಡ ಅಂದರೆ ಫೈಲನ್ನೇ ಅಳಿಸಿ. ನಮ್ಮ 1,400ರ ರೇಟ್ ಕಾರ್ಡ್ ಒಂದು ಪಿಡಿಎಫ್‌ನಲ್ಲೂ ಇತ್ತು. ಎಲ್ಲಕ್ಕಿಂತ ಕೊನೆಗೆ ಹೋಗಿದ್ದು ಅದೇ.